ಗಂಜಿಯ ಲೆಕ್ಕದಲ್ಲಿ ಬಿಟ್ಟುಹೋದವರು

ನವೆಂಬರ್ ತಿಂಗಳು ಬಂತೆಂದರೆ ಬ್ಯಾಂಕಿನ ಶಾಖೆಯಲ್ಲಿ ಪಿಂಚಣಿದಾರರ ಜಾತ್ರೆ. ತಾನು ಇನ್ನೂ ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಡಬೇಕಲ್ಲ! 2014ರಲ್ಲಿ 'ಜೀವನ್ ಪ್ರಮಾಣ್' ಬಂದ ಮೇಲೆ ಬೆರಳು ಒತ್ತಿ ಮನೆಯಲ್ಲೇ ಮುಗಿಸಬಹುದು. ಆದರೂ ಬರುತ್ತಾರೆ. ಕೆಲವರ ಬೆರಳಿನ ಗೆರೆ ಸವೆದು ಯಂತ್ರ ಒಪ್ಪುವುದಿಲ್ಲ, ಇನ್ನು ಕೆಲವರಿಗೆ ನಾಲ್ಕು ಮಾತಾಡುವ ಆಸೆ. ನಾನು ಉಡುಪಿ ಕಡೆಯವನು ಅಂತ ಗೊತ್ತಾದರೆ ಸಾಕು, ನಮ್ಮ ಹಿರಿಯರು ಕುರ್ಚಿ ಎಳೆದುಕೊಂಡು ಕೂತೇಬಿಡುತ್ತಾರೆ. ಮಾತು ಬಡ್ಡಿದರದಲ್ಲಿ ಶುರುವಾಗಿ, ಮಂಡಿನೋವಿಗೆ ಹೊರಳಿ, ಕೊನೆಗೆ ಊಟಕ್ಕೆ ಬಂದು ನಿಲ್ಲುತ್ತದೆ. ಒಬ್ಬರಿಗೆ ಡಾಕ್ಟರು ಅನ್ನ ಬಿಡಿ ಎಂದಿದ್ದಾರೆ. ಇನ್ನೊಬ್ಬರ ಸೊಸೆ ಪ್ರೀತಿಯಿಂದಲೇ ಓಟ್ಸ್ ಬೇಯಿಸಿ ಕೊಡುತ್ತಾಳೆ, ಇವರಿಗೆ ಗಂಟಲಲ್ಲಿ ಇಳಿಯುವುದಿಲ್ಲ. "ಎಂತ ಮಾಡೂದು ಸಾರ್, ರಾತ್ರಿಗೆ ಎರಡು ಸೌಟು ಗಂಜಿ, ಸ್ವಲ್ಪ ಉಪ್ಪಿನಕಾಯಿ. ಈ ವಯಸ್ಸಿಗೆ ಅಷ್ಟು ಸಾಕಲ್ವಾ?"

ಸಾಕೇ? ಈ ಪ್ರಶ್ನೆ ತಲೆಯಲ್ಲಿ ಕೂತು ಕೆಲವು ವರ್ಷಗಳೇ ಆದವು. ನಾನು ಬಿ.ಕಾಂ. ಓದಿದವನು, ವೈದ್ಯನಲ್ಲ. ಆದರೆ ಲೆಕ್ಕ ಓದುವ ಚಟ ಇದೆ. ಗಂಜಿಯ ಲೆಕ್ಕವನ್ನು ಯಾರು, ಯಾವಾಗ, ಯಾರಿಗೋಸ್ಕರ ಬರೆದರು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ ಕತೆ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಮೊದಲು ಅಕ್ಕಿಯ ವಿಷಯ. ಕರಾವಳಿಯಲ್ಲಿ ಗಂಜಿ ಅಂದರೆ ಕುಚ್ಚಲಕ್ಕಿಯ ಗಂಜಿ. ಬೆಳ್ತಿಗೆ ಅಕ್ಕಿ ಏನಿದ್ದರೂ ದೋಸೆಗೆ, ಪಾಯಸಕ್ಕೆ, ದೇವರ ನೈವೇದ್ಯಕ್ಕೆ. ಕುಚ್ಚಲಕ್ಕಿಗೆ ಭತ್ತವನ್ನು ನೆನೆಹಾಕಿ, ಸಿಪ್ಪೆ ಸಮೇತ ದೊಡ್ಡ ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಕುಟ್ಟುವುದು ಅಥವಾ ಮಿಲ್ಲಿಗೆ ಒಯ್ಯುವುದು. ಹೀಗೆ ಬೇಯಿಸಿದ ಭತ್ತದಲ್ಲಿ ಕಾಳು ಗಟ್ಟಿಯಾಗಿ ನುಚ್ಚಾಗುವುದು ಕಡಿಮೆ. ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ಲಾಭ ಅಷ್ಟು. ಅವರಿಗೆ ಗೊತ್ತಿಲ್ಲದ ಇನ್ನೊಂದು ಲಾಭ ಒಳಗೆ ನಡೆಯುತ್ತಿತ್ತು: ತೌಡಿನಲ್ಲಿ, ಮೊಳಕೆಯ ಭಾಗದಲ್ಲಿ ಇರುವ ಬಿ-1 ಜೀವಸತ್ವ ನೀರಿನೊಂದಿಗೆ ಕಾಳಿನ ಒಳಕ್ಕೆ ಇಳಿದು ಕೂತುಬಿಡುತ್ತದೆ. ಆಮೇಲೆ ಮಿಲ್ಲಿನಲ್ಲಿ ತೌಡು ಹೋದರೂ ಅದರ ಹೆಚ್ಚಿನ ಪಾಲು ಉಳಿಯುತ್ತದೆ. ನಮ್ಮ ದೇಶದ ಆಹಾರ ಕೋಷ್ಟಕಗಳಲ್ಲಿ ಇದರ ಅಂಕಿ ಇದೆ. 100 ಗ್ರಾಂ ಮಿಲ್ ಬೆಳ್ತಿಗೆಯಲ್ಲಿ ಬಿ-1 ಇರುವುದು 0.06 ಮಿಲಿಗ್ರಾಂ, ಮಿಲ್ ಕುಚ್ಚಲಕ್ಕಿಯಲ್ಲಿ 0.21. ಮೂರು ಪಟ್ಟಿಗೂ ಹೆಚ್ಚು!

ಈ ಸಣ್ಣ ಅಂಕಿಯನ್ನು ಕಂಡುಹಿಡಿಯಲು ಜಗತ್ತಿಗೆ ಸುಮಾರು ಐವತ್ತು ವರ್ಷ ಹಿಡಿಯಿತು, ಸಾವಿರಾರು ಜನ ಸತ್ತರು. ಬೆರಿಬೆರಿ ಎಂಬ ಕಾಯಿಲೆ. ಕಾಲು ಜೋಮು ಹಿಡಿದು, ಬಲ ಹೋಗಿ, ಕೆಲವರಿಗೆ ಮೈ ಬಾತು, ಹೃದಯ ಸೋತು ಸಾವು. ಉಗಿಯಂತ್ರದ ಅಕ್ಕಿ ಮಿಲ್ಲುಗಳು ಏಷ್ಯಾದಲ್ಲಿ ಹರಡಿದಂತೆ ಈ ರೋಗವೂ ಹರಡಿತು. ಬಿಳಿ ಅಕ್ಕಿ ನೋಡಲು ಚೆಂದ, ಬೇಗ ಹಾಳಾಗುವುದಿಲ್ಲ, ಸೈನ್ಯಕ್ಕೆ, ಜೈಲಿಗೆ, ಹಡಗಿಗೆ ಮೂಟೆಗಟ್ಟಲೆ ಕಳಿಸಬಹುದು.

ಆಗ ಡಚ್ಚರ ಕೈಯಲ್ಲಿದ್ದ ಜಾವಾದ ಬಟೇವಿಯಾದಲ್ಲಿ (ಈಗಿನ ಜಕಾರ್ತ) ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಸೈನ್ಯದ ವೈದ್ಯರು ಇದರ ಹಿಂದೆ ಬಿದ್ದಿದ್ದರು. ರೋಗಾಣು ಹುಡುಕುತ್ತಿದ್ದರು; ಆ ಕಾಲದಲ್ಲಿ ಎಲ್ಲ ರೋಗಕ್ಕೂ ರೋಗಾಣುವೇ ಕಾರಣ ಎಂಬ ನಂಬಿಕೆ. 1890ರ ಆಸುಪಾಸಿನಲ್ಲಿ ಅವರ ಪ್ರಯೋಗಶಾಲೆಯ ಕೋಳಿಗಳು ಬೆರಿಬೆರಿಯವರ ಹಾಗೆಯೇ ಕಾಲು ಸೋತು ಬೀಳತೊಡಗಿದವು. ಸ್ವಲ್ಪ ಕಾಲದ ನಂತರ ತಾವಾಗಿಯೇ ಎದ್ದು ಓಡಾಡಿದವು. ವಿಚಾರಿಸಿದರೆ ಕಾರಣ ಅಡುಗೆಮನೆಯಲ್ಲಿತ್ತು. ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿ ಅನ್ನ ಹಾಕುತ್ತಿದ್ದರಂತೆ. ಹೊಸ ಅಡುಗೆಯವ ಬಂದವನು, ಸಿಪಾಯಿಗಳ ಅನ್ನವನ್ನು ಸಿವಿಲ್ ಕೋಳಿಗಳಿಗೆ ಕೊಡುವುದಿಲ್ಲ ಅಂತ ನಿಲ್ಲಿಸಿದ. ಕೋಳಿಗಳಿಗೆ ತೌಡು ಇರುವ ಅಕ್ಕಿ ಬಂತು, ಗುಣವಾದವು. (ಸರ್ಕಾರಿ ಲೆಕ್ಕದ ಶಿಸ್ತಿನಿಂದ ಜಗತ್ತಿಗೆ ಉಪಕಾರವಾದ ಅಪರೂಪದ ಪ್ರಸಂಗ ಇದು. ನಮ್ಮ ಆಡಿಟಿನವರಿಗೆ ಹೇಳಬೇಕು!)

ಆಮೇಲೆ ಫೋರ್ಡರ್‌ಮನ್ ಎಂಬ ಅಧಿಕಾರಿ ಜಾವಾದ ಜೈಲುಗಳನ್ನೆಲ್ಲ ಸುತ್ತಿ ಲೆಕ್ಕ ತೆಗೆದರು, 1897ರಲ್ಲಿ ಪ್ರಕಟಿಸಿದರು. ಬಿಳಿ ಅಕ್ಕಿಯ ಜೈಲುಗಳಲ್ಲಿ 39 ಕೈದಿಗಳಿಗೆ ಒಬ್ಬನಿಗೆ ಬೆರಿಬೆರಿ. ತೌಡಿರುವ ಅಕ್ಕಿಯ ಜೈಲುಗಳಲ್ಲಿ 10,000ಕ್ಕೆ ಒಬ್ಬ. ಇಷ್ಟಾದರೂ ಬಿಳಿ ಅಕ್ಕಿಯಲ್ಲಿ ವಿಷ ಇದೆ ಎಂದೇ ಐಕ್‌ಮನ್ ನಂಬಿದ್ದರು. ವಿಷ ಇರುವುದಲ್ಲ, ಬೇಕಾದದ್ದು ಇಲ್ಲದಿರುವುದು ತೊಂದರೆ ಎಂದು 1901ರಲ್ಲಿ ಹೇಳಿದವರು ಅವರ ಜಾಗಕ್ಕೆ ಬಂದ ಗ್ರೈನ್ಸ್. ನೊಬೆಲ್ ಮಾತ್ರ 1929ರಲ್ಲಿ ಐಕ್‌ಮನ್ನರಿಗೆ ಬಂತು. ಆಫೀಸು ಅಂದಮೇಲೆ ಎಲ್ಲ ಕಡೆ ಒಂದೇ ಕತೆ, ಇರಲಿ.

ನಮ್ಮ ಕುಚ್ಚಲಕ್ಕಿ ಈ ಚರಿತ್ರೆಗೆ ಬರುವುದು ಮಲಯಾದಲ್ಲಿ. ಅಲ್ಲಿ ಬಿಳಿ ಸಯಾಂ ಅಕ್ಕಿ ಉಣ್ಣುವ ಚೀನೀ ಕೂಲಿಗಳು ಬೆರಿಬೆರಿಯಿಂದ ಸಾಯುತ್ತಿದ್ದರು. ಅದೇ ಊರಿನಲ್ಲಿ ಬೇಯಿಸಿದ ಭತ್ತದ ಅಕ್ಕಿ ಉಣ್ಣುವ ತಮಿಳು ಕೂಲಿಗಳಿಗೆ ಅದು ಅಪರೂಪ. ಕ್ವಾಲಾಲಂಪುರದ ಹುಚ್ಚಾಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರು ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಸಯಾಂ ಅಕ್ಕಿ, ಇನ್ನೊಂದಕ್ಕೆ ಭಾರತದ ಕುಚ್ಚಲಕ್ಕಿ ಕೊಟ್ಟು ನೋಡಿದರು. ಮೊದಲ ಪಾಲಿನಲ್ಲಿ 18 ಮಂದಿ ಬೆರಿಬೆರಿಯಿಂದ ತೀರಿಕೊಂಡರು. ಎರಡನೆಯದರಲ್ಲಿ ಯಾರೂ ಇಲ್ಲ. ಫಲಿತಾಂಶ 1907ರಲ್ಲಿ ಪ್ರಕಟವಾಯಿತು. ಈಗಿನ ಕಾಲದಲ್ಲಿ ಇಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ, ಕೊಡಲೂಬಾರದು. ಆ 18 ಜನರ ಮೇಲೆ ನಿಂತ ಜ್ಞಾನ ನಮ್ಮ ಗಂಜಿಯ ಬಟ್ಟಲಲ್ಲಿದೆ ಅನ್ನುವುದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಭಾರತದಲ್ಲಿ ಈ ಕೆಲಸ ಶುರುವಾದದ್ದು 1918ರಲ್ಲಿ, ನೀಲಗಿರಿಯ ಕೂನೂರಿನಲ್ಲಿ. ರಾಬರ್ಟ್ ಮೆಕ್‌ಕ್ಯಾರಿಸನ್ ಅಲ್ಲಿ ಬೆರಿಬೆರಿ ವಿಚಾರಣೆಗೆಂದು ಒಂದು ಸಣ್ಣ ಘಟಕ ತೆರೆದರು. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಮೆಕ್‌ಕ್ಯಾರಿಸನ್ ನಂತರ ಬಂದ ಆಯ್ಕ್ರಾಯ್ಡ್ 1937ರಲ್ಲಿ ಭಾರತದ ಆಹಾರ ಪದಾರ್ಥಗಳ ಪೌಷ್ಟಿಕಾಂಶದ ಪುಸ್ತಿಕೆ ಹೊರತಂದರು. ಮೇಲೆ ಹೇಳಿದಂಥ ಕೋಷ್ಟಕಗಳಿಗೆ ಅದೇ ಮೂಲ. ಆಂಧ್ರದ ಉತ್ತರ ಸರ್ಕಾರ್ ಜಿಲ್ಲೆಗಳಲ್ಲಿ ಮಿಲ್ಲಿನ ಹಸಿ ಬಿಳಿ ಅಕ್ಕಿ ಉಣ್ಣುವವರಲ್ಲಿ ಬೆರಿಬೆರಿ ಬೀಡುಬಿಟ್ಟಿತ್ತು; ಕುಚ್ಚಲಕ್ಕಿಯ ಸೀಮೆಗಳಲ್ಲಿ ಇರಲಿಲ್ಲ. ಅಕ್ಕಿ ತೊಳೆದಾಗ ಬೆಳ್ತಿಗೆಯಲ್ಲಿ ಹೋಗುವಷ್ಟು ಬಿ-1 ಕುಚ್ಚಲಕ್ಕಿಯಲ್ಲಿ ಹೋಗುವುದಿಲ್ಲ ಎಂಬುದನ್ನೂ ಅವರ ತಂಡ ತೋರಿಸಿತು.

ನಮ್ಮ ಮುಂಬಯಿಗೂ ಇದರಲ್ಲಿ ಪಾಲಿದೆ, ಬಹಳ ಜನರಿಗೆ ಗೊತ್ತಿಲ್ಲ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಇಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿ ಹೆಂಗಸರಿಗೆ ಬರುತ್ತಿದ್ದ ಮಾರಕ ರಕ್ತಹೀನತೆಯ ಬಗ್ಗೆ ತಿಳಿಯಬೇಕಿತ್ತು. ಪರೇಲಿನ ಹಾಫ್ಕಿನ್ ಸಂಸ್ಥೆಯಲ್ಲಿ ಕೆಲಸ ಮಾಡಿದರು, ಮುಂದೆ ಕೂನೂರಿಗೂ ಹೋದರು. ಅಗ್ಗದ ಯೀಸ್ಟ್ ಸಾರದಿಂದ ಆ ಹೆಂಗಸರು ಚೇತರಿಸಿಕೊಳ್ಳುತ್ತಾರೆ ಎಂದು 1931ರಲ್ಲಿ ಪ್ರಕಟಿಸಿದರು. ಇವತ್ತು ಬಸುರಿಯರಿಗೆಲ್ಲ ಕೊಡುವ ಫೋಲಿಕ್ ಆಮ್ಲದ ಮಾತ್ರೆಯ ಬೇರು ಅಲ್ಲಿದೆ. ಹಾಫ್ಕಿನ್ ಮುಂದೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನಗೆ ಆಕೆಯ ನೆನಪಾಗುತ್ತದೆ.

ಈಗ ಈ ಪಟ್ಟಿಯನ್ನೊಮ್ಮೆ ನೋಡಿ. ಸಿಪಾಯಿ, ಕೈದಿ, ಕೂಲಿ, ಹುಚ್ಚಾಸ್ಪತ್ರೆಯ ರೋಗಿ, ಗಿರಣಿಯ ಬಸುರಿ. ಎಲ್ಲರ ಊಟದ ಲೆಕ್ಕವನ್ನೂ ಯಾರೋ ಒಬ್ಬರು ತೆಗೆದಿದ್ದಾರೆ. ಮುದುಕರದ್ದು? ಇಲ್ಲ. ಅವರಿಂದ ಆಗಬೇಕಾದ ಕೆಲಸ ಯಾರಿಗೂ ಇರಲಿಲ್ಲ. ನ್ಯಾಯವಾಗಿ ಇನ್ನೊಂದು ಕಾರಣವನ್ನೂ ಹೇಳಬೇಕು, ಮುದುಕರೇ ಕಡಿಮೆ ಇದ್ದರು. 1951ರಲ್ಲಿ ಇಡೀ ದೇಶದಲ್ಲಿ 60 ದಾಟಿದವರು ಸುಮಾರು 2 ಕೋಟಿ. 2011ರ ಜನಗಣತಿಯ ಹೊತ್ತಿಗೆ 10 ಕೋಟಿ ಮೀರಿದ್ದರು.

ಮುಂಬಯಿಯ ರೇಶನ್ನಿನ ಕತೆಯೂ ಇದೇ ದಾರಿಯದ್ದು. 1942ರಲ್ಲಿ ಬರ್ಮಾ ಜಪಾನರ ಕೈಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರ ಮೇ ತಿಂಗಳಲ್ಲಿ ಈ ನಗರಕ್ಕೆ ರೇಶನ್ ಬಂತು. ವಯಸ್ಕರಿಗೆ ಇಷ್ಟು, ಮಕ್ಕಳಿಗೆ ಇಷ್ಟು, ಮೈಮುರಿದು ದುಡಿಯುವವರಿಗೆ ಮೇಲೆ ಇನ್ನಿಷ್ಟು. ಅಕ್ಕಿಯ ಬದಲು ಗೋಧಿಯನ್ನೂ ತೆಗೆದುಕೊಳ್ಳಬೇಕಾಯಿತು. ಹೋಟೆಲು ಕೆಲಸಕ್ಕೆ, ಡಾಕಿಗೆ, ಗಿರಣಿಗೆ ಅಂತ ಊರು ಬಿಟ್ಟು ಬಂದ ನಮ್ಮ ಹಿರಿಯರು ಚಪಾತಿ ಲಟ್ಟಿಸಲು ಕಲಿತದ್ದು ಹೆಚ್ಚಾಗಿ ಈ ಕಾಲದಿಂದ. ಮಾಟುಂಗದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ, ಅಂದರೆ ಅಕ್ಕಿಗೆ ಬರ ಬಂದ ವರ್ಷವೇ!

1954ರಲ್ಲಿ ಅಕ್ಕಿಯ ನಿಯಂತ್ರಣ ಹೋಯಿತು, ಆದರೆ ನೆಮ್ಮದಿ ಬಹಳ ಕಾಲ ಉಳಿಯಲಿಲ್ಲ. 1956ರ ಪಿ.ಎಲ್.-480 ಒಪ್ಪಂದದಿಂದ ಅಮೆರಿಕದ ಗೋಧಿ, 1965-66ರ ಬರದಲ್ಲಿ ಇನ್ನಷ್ಟು ಗೋಧಿ. ಮಹಾರಾಷ್ಟ್ರದ 1972ರ ಬರ ಕಂಡವರಿಗೆ ಮಿಲೋ ಎಂಬ ಕೆಂಪು ಜೋಳ ನೆನಪಿರಬಹುದು. ಅದರ ರುಚಿಯ ಬಗ್ಗೆ ಹಿರಿಯರನ್ನು ಕೇಳಬೇಡಿ, ಸುಮ್ಮನೆ ಬೈಗುಳ ಕೇಳಬೇಕಾಗುತ್ತದೆ. ಸಾಲಿನಲ್ಲಿ ನಿಂತು ತಂದದ್ದನ್ನು ಮನೆಯಲ್ಲಿ ಹಂಚುವಾಗಲೂ ಪೇಟೆಯ ನಿಯಮವೇ: ದುಡಿಯುವ ಗಂಡಸಿಗೆ ಮೊದಲು, ಮಕ್ಕಳಿಗೆ ಆಮೇಲೆ, ಅಜ್ಜಿ ಕೊನೆಗೆ. ಅಜ್ಜಿ ತಾನಾಗಿಯೇ "ನಂಗೆ ಗಂಜಿ ಸಾಕು" ಅನ್ನುತ್ತಿದ್ದಳು. ಅದು ರುಚಿಯ ಮಾತಾಗಿತ್ತೇ, ತ್ಯಾಗದ ಮಾತಾಗಿತ್ತೇ ಅಂತ ಯಾರೂ ಕೇಳಲಿಲ್ಲ.

ಸರ್ಕಾರ ವೃದ್ಧರ ಹಸಿವನ್ನು ನೆನೆದದ್ದು ತಡವಾಗಿ. ತಮಿಳುನಾಡು 1982ರಲ್ಲಿ ಶುರುಮಾಡಿದ ಎಂ.ಜಿ.ಆರ್. ಊಟದ ಯೋಜನೆಯನ್ನು 1983ರಲ್ಲಿ ವೃದ್ಧಾಪ್ಯ ಪಿಂಚಣಿಯವರಿಗೂ ವಿಸ್ತರಿಸಿತು, ಅದೊಂದು ಮೆಚ್ಚಬೇಕಾದ ಕೆಲಸ. ಕೇಂದ್ರದ ವೃದ್ಧಾಪ್ಯ ಪಿಂಚಣಿ ಬಂದದ್ದು 1995ರಲ್ಲಿ, ತಿಂಗಳಿಗೆ 75 ರೂಪಾಯಿ. 2000ದಲ್ಲಿ ಅನ್ನಪೂರ್ಣಾ ಯೋಜನೆ: ಅರ್ಹತೆ ಇದ್ದೂ ಆ ಪಿಂಚಣಿ ಸಿಗದ 65 ದಾಟಿದವರಿಗೆ ತಿಂಗಳಿಗೆ 10 ಕಿಲೋ ಧಾನ್ಯ ಪುಕ್ಕಟೆ. ಕೊಟ್ಟದ್ದು ಒಳ್ಳೆಯದೇ. ಆದರೆ ಗಮನಿಸಿ, ಧಾನ್ಯ ಮಾತ್ರ, ಬೇಳೆ ಇಲ್ಲ. ಮುದುಕರಿಗೆ ಅನ್ನ ಸಿಕ್ಕರೆ ಆಯಿತು ಎಂಬ ಮನೆಯೊಳಗಿನ ಯೋಚನೆಯೇ ಸರ್ಕಾರಿ ಆದೇಶದಲ್ಲೂ ಇದೆ.

ತಜ್ಞರ ಲೆಕ್ಕವೂ ಬಹಳ ಕಾಲ ಹಾಗೆಯೇ ಇತ್ತು. ದೇಶದ ಪೌಷ್ಟಿಕಾಂಶದ ಅಳತೆಗೆ 2020ರಲ್ಲಿ ಇಟ್ಟುಕೊಂಡ 'ಮಾದರಿ ಪುರುಷ' 19ರಿಂದ 39 ವರ್ಷದವನು, 65 ಕಿಲೋ ತೂಕದವನು. 'ಮಾದರಿ ಸ್ತ್ರೀ'ಯೂ ಅದೇ ವಯಸ್ಸಿನವಳು, 55 ಕಿಲೋ. ನಮ್ಮ ಪಿಂಚಣಿದಾರರಲ್ಲಿ ಈ ಮಾದರಿಯವರು ಯಾರೂ ಇಲ್ಲ. ವಯಸ್ಸಾದಂತೆ ಮಾಂಸಖಂಡ ಕರಗುವುದಕ್ಕೆ 'ಸಾರ್ಕೋಪೀನಿಯಾ' ಅಂತ ಇರ್ವಿನ್ ರೋಸನ್‌ಬರ್ಗ್ ಹೆಸರಿಟ್ಟದ್ದೇ 1989ರಲ್ಲಿ! ಅಲ್ಲಿಯವರೆಗೆ ಅದು ಬರೀ "ವಯಸ್ಸಾಯ್ತು". ಬಚ್ಚಲಲ್ಲಿ ಜಾರಿ ಬಿದ್ದರೂ ವಯಸ್ಸಾಯ್ತು, ಕುರ್ಚಿಯಿಂದ ಏಳಲಾಗದಿದ್ದರೂ ವಯಸ್ಸಾಯ್ತು.

ಈ ಸಂಶೋಧನೆಗಳ ಒಂದು ಮುಖ್ಯ ಮಾತು ನಮ್ಮ ನಂಬಿಕೆಗೆ ಉಲ್ಟಾ. ವಯಸ್ಸಾದಂತೆ ಶಕ್ತಿಗೆ ಬೇಕಾದ ಊಟ, ಅಂದರೆ ಕ್ಯಾಲೊರಿ, ಕಡಿಮೆ ಸಾಕು. ಆದರೆ ಪ್ರೋಟೀನ್ ಕಡಿಮೆ ಸಾಲದು. ನಮ್ಮ ದೇಶದ 2020ರ ಶಿಫಾರಸು ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ. ವೃದ್ಧರಿಗೆಂದೇ 2013ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಗುಂಪೊಂದು ಹೇಳಿದ್ದು 1ರಿಂದ 1.2 ಗ್ರಾಂ. (ಮೂತ್ರಪಿಂಡದ ತೊಂದರೆ ಇರುವವರ ಲೆಕ್ಕ ಬೇರೆ, ಅವರು ತಮ್ಮ ಡಾಕ್ಟರನ್ನೇ ಕೇಳಬೇಕು.) ಹೊಟ್ಟೆ ಚಿಕ್ಕದಾಗಿದೆ, ಬೇಕಾದ ಸರಕು ಅಷ್ಟೇ ಇದೆ. ಹಾಗಿದ್ದರೆ ತಟ್ಟೆಯಲ್ಲಿ ಮೊದಲು ಕಡಿಮೆಯಾಗಬೇಕಾದದ್ದು ಯಾವುದು? ನಮ್ಮ ಮನೆಗಳಲ್ಲಿ ಕಡಿಮೆಯಾಗುವುದು ಯಾವುದು?

ಇದನ್ನು ನಮ್ಮ ಮನೆಯಲ್ಲೇ ಲೆಕ್ಕ ಹಾಕಿ ನೋಡಿದೆವು. ಅಮ್ಮನಿಗೆ 84, ತೂಕ 50 ಕಿಲೋ, ಡೊಂಬಿವಲಿಯಲ್ಲಿ ನಮ್ಮ ಜೊತೆ ಇದ್ದಾರೆ. ಅಪ್ಪ ಹೋದ ಮೇಲೆ ಮೀನು ಬಿಟ್ಟರು. ಹಾಗೆ ಬಿಟ್ಟ ತಾಯಂದಿರು ನಮ್ಮಲ್ಲಿ ಎಷ್ಟೋ ಮಂದಿ. ಬಂಗುಡೆ ಸಾರಿನ ಜಾಗಕ್ಕೆ ಉಪ್ಪಿನಕಾಯಿ ಬಂತು, ಆ ಬದಲಾವಣೆಯ ಬಗ್ಗೆ ಎರಡು ಮಾತು ಯಾರೂ ಆಡುವುದಿಲ್ಲ. ದಿನಕ್ಕೆ ಗಂಜಿ, ಅನ್ನ ಸೇರಿ 150 ಗ್ರಾಂ ಅಕ್ಕಿ, ಅದರಿಂದ ಪ್ರೋಟೀನ್ 10 ಗ್ರಾಂ. ತಿಳಿಸಾರಿನ ಬೇಳೆಯಿಂದ 3. ಚಹಾ, ಮಜ್ಜಿಗೆ ಸೇರಿ ಒಂದು ಲೋಟ ಹಾಲು, ಆರೂವರೆ. ನಾಲ್ಕು ಬಿಸ್ಕತ್ತು, ತರಕಾರಿ, ತೆಂಗಿನಕಾಯಿ ಎಲ್ಲ ಸೇರಿ ನಾಲ್ಕೂವರೆ ಅಂತ ಧಾರಾಳವಾಗಿ ಹಿಡಿದೆ. ಒಟ್ಟು 24. ಬೇಕಾದದ್ದು ಕನಿಷ್ಠ 41. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ದಿನಾ ಓವರ್‌ಡ್ರಾಫ್ಟ್, ಮತ್ತು ಅದನ್ನು ತುಂಬುತ್ತಿದ್ದುದು ಅವರದೇ ತೊಡೆಯ, ತೋಳಿನ ಮಾಂಸ.

ಇಲ್ಲಿ ಒಂದು ಮಾತು ಹೇಳಲೇಬೇಕು. "ನಮ್ಮ ಅಜ್ಜಿ ಗಂಜಿ ಕುಡಿದೇ 95 ವರ್ಷ ಬದುಕಿದ್ದಳು" ಅನ್ನುವವರು ನಮ್ಮ ಸಂಘದ ಪ್ರತಿ ಕಾರ್ಯಕ್ರಮದಲ್ಲೂ ಸಿಗುತ್ತಾರೆ. ಆ ಅಜ್ಜಿಗೆ ನನ್ನ ನಮಸ್ಕಾರ. ಆದರೆ ಸ್ವಾತಂತ್ರ್ಯ ಬಂದಾಗ ನಮ್ಮವರ ಸರಾಸರಿ ಆಯುಷ್ಯ ಸುಮಾರು 32 ವರ್ಷ, ಈಗ 70ರ ಹತ್ತಿರ. ಆಗ ಸಾಯುತ್ತಿದ್ದವರಲ್ಲಿ ಕೂಸುಗಳೇ ಹೆಚ್ಚು, ನಿಜ. ಆದರೂ ಉಳಿದ ಒಬ್ಬ ಅಜ್ಜಿಯನ್ನು ತೋರಿಸಿ ಗಂಜಿಗೆ ಸರ್ಟಿಫಿಕೇಟ್ ಕೊಡುವುದು, ಮುಳುಗದ ಒಂದು ಸಾಲಗಾರನನ್ನು ತೋರಿಸಿ ಇಡೀ ಶಾಖೆಯ ಸಾಲ ಭದ್ರ ಎಂದಂತೆ. ಇನ್ನೊಂದು, ಆ ಅಜ್ಜಿಯ ಗಂಜಿ ಬರೀ ಗಂಜಿ ಆಗಿರಲಿಲ್ಲ. ಕುಚ್ಚಲಕ್ಕಿ, ಪಕ್ಕದಲ್ಲಿ ಹುರುಳಿ ಸಾರು, ಒಣಮೀನು, ಹಿತ್ತಲ ಬಸಳೆ, ತೊಂಡೆಕಾಯಿ. ಪೇಟೆಗೆ ಬಂದ ಮೇಲೆ ಗಂಜಿಯ ಹೆಸರು ಉಳಿಯಿತು. ಅಕ್ಕಿ ಬೆಳ್ತಿಗೆಯಾಯಿತು, ಪಕ್ಕದ್ದೆಲ್ಲ ಒಂದೊಂದಾಗಿ ಜಾರಿತು, ಕೊನೆಗೆ ಉಪ್ಪಿನಕಾಯಿ ನಿಂತಿತು. ಬಿ.ಪಿ. ಇರುವವರಿಗೆ ಅದೂ ತೊಂದರೆಯೇ.

ಓಟ್ಸಿನ ಮೇಲೆ ನನಗೆ ದ್ವೇಷ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಅನ್ನ ಕಡಿಮೆ ಮಾಡಿ ಎಂದು ಡಾಕ್ಟರು ಹೇಳುವುದರಲ್ಲೂ ಅರ್ಥವಿದೆ. ತಕರಾರು ಇಷ್ಟೇ, 'ಬಿಡಿ' ಎಂದು ಹೇಳುವ ಚೀಟಿಯಲ್ಲಿ ಬದಲಿಗೆ ಏನು, ಎಷ್ಟು ಎಂಬುದು ಇರುವುದಿಲ್ಲ. ಹಿರಿಯರು ವಿಧೇಯರಾಗಿ ಬಿಡುತ್ತಾರೆ, ಆ ಜಾಗ ಖಾಲಿ ಉಳಿಯುತ್ತದೆ ಇಲ್ಲವೇ ಚಹಾ-ಖಾರಿಯಿಂದ ತುಂಬುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ 17 ಆಹಾರ ಸೂತ್ರಗಳಲ್ಲಿ ವೃದ್ಧರಿಗೆಂದೇ ಒಂದು ಇದೆ, ಪೌಷ್ಟಿಕಾಂಶ ತುಂಬಿದ ಆಹಾರ ಕೊಡಿ ಅಂತ. ಚೀಟಿ ಬರೆಯುವವರು ಅದನ್ನೊಮ್ಮೆ ಓದಬೇಕು.

ನಮ್ಮಲ್ಲಿ ಈಗ ಏನು ನಡೆದಿದೆ ಅಂದರೆ, ಅಮ್ಮನಿಗೆ ಮೊಟ್ಟೆ, ಮೀನು ಬೇಡವೇ ಬೇಡ. ಒತ್ತಾಯ ಮಾಡುವ ಹಕ್ಕು ನಮಗಿಲ್ಲ. ಮನೆಯಾಕೆ ಗಂಜಿಗೇ ಒಂದು ಹಿಡಿ ಹೆಸರುಬೇಳೆ ಹಾಕಿ ಬೇಯಿಸುತ್ತಾಳೆ, 25 ಗ್ರಾಂ ಬೇಳೆಗೆ 6 ಗ್ರಾಂ ಪ್ರೋಟೀನ್. ಮಧ್ಯಾಹ್ನ ಹುರುಳಿ ಸಾರು. ತಿಳಿ ಮಾತ್ರ ಅಲ್ಲ, ಕಾಳನ್ನೂ ಅರೆದು ಗಟ್ಟಿ ಮಾಡಿದ್ದು, 30 ಗ್ರಾಂ ಹುರುಳಿಗೆ ಆರೂವರೆ. ಸಂಜೆ ಬಿಸ್ಕತ್ತಿನ ಜೊತೆಗೆ ಇನ್ನೊಂದು ಲೋಟ ಹಾಲು, ಕೆಲವು ದಿನ ಅದರಲ್ಲೇ ಸ್ವಲ್ಪ ರಾಗಿ. ಲೆಕ್ಕ 43ಕ್ಕೆ ಬಂದಿದೆ. ಬಿ-12 ಮಾತ್ರ ಹುರುಳಿಯಿಂದಲೂ ಬರುವುದಿಲ್ಲ, ಅಕ್ಕಿಯಿಂದಲೂ ಇಲ್ಲ. ವಯಸ್ಸಾದ ಹೊಟ್ಟೆ ಅದನ್ನು ಹೀರುವುದು ಕಡಿಮೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಇನ್ನಷ್ಟು ಕಡಿಮೆ ಮಾಡುತ್ತದೆ. ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರು ಕೊಟ್ಟ ಮಾತ್ರೆ ನಡೆದಿದೆ.

ಇನ್ನು ಅಕ್ಕಿ. ಮುಂಬಯಿಯ ಅಂಗಡಿಗಳಲ್ಲಿ ಕುಚ್ಚಲಕ್ಕಿ ಅಂದರೆ ಕೆಲವರಿಗೆ ತಿಳಿಯುವುದಿಲ್ಲ, 'ಉಕಡಾ ತಾಂದೂಳ್' ಅನ್ನಿ, ಕೊಂಕಣದವರ ಅಂಗಡಿಯಾದರೆ ಕೂಡಲೇ ಕೊಡುತ್ತಾರೆ. ಅವರಲ್ಲೂ ಪೇಜ್ ಅಂದರೆ ಗಂಜಿಯೇ. ತೀರಾ ಬಿಳಿಯಾಗಿ ಪಾಲಿಶ್ ಮಾಡಿದ್ದಕ್ಕಿಂತ ಕೆಂಪು ಗೆರೆ ಉಳಿದದ್ದನ್ನು ಆರಿಸಿ. ರಾತ್ರಿಯೇ ನೆನೆಹಾಕಿಟ್ಟರೆ ಕುಕ್ಕರಿನಲ್ಲಿ ಬೇಗ ಮೆತ್ತಗಾಗುತ್ತದೆ, ಹಲ್ಲಿಲ್ಲದವರಿಗೂ ಸಲೀಸು. ಹೆಸರುಬೇಳೆಯ ಗಂಜಿ ಮೊದಲ ದಿನ ಕೊಟ್ಟಾಗ ಅಮ್ಮ ಬಟ್ಟಲನ್ನೇ ನೋಡುತ್ತಾ ಕೇಳಿದ್ದರು, "ಇದು ಗಂಜಿಯಾ, ಬೆಲ್ಲ ಹಾಕಲು ಮರೆತ ಪಾಯಸವಾ?" ಈಗ ಬೇಳೆ ಕಡಿಮೆಯಾದ ದಿನ ಅವರೇ ಸೊಸೆಗೆ ಹೇಳುತ್ತಾರೆ.